ಗರಡಿಯಿಂದ ಪಂಜರಕ್ಕೆ ಹೋದರೆ ಗೆಲ್ಲಬಹುದೇ?

ದುಗ್ಗಮ್ಮನ ಜಾತ್ರೆಯ ಕುಸ್ತಿ ಮುಗಿದ ವಾರವಿಡೀ ದಾವಣಗೆರೆಯಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: “ನಮ್ಮ ಪೈಲ್ವಾನ್ರು ಎಂಎಂಎಗೆ ಹೋದ್ರೆ ಗೆಲ್ತಾರಾ ಸರ್? ಆಮೇಲೆ ಸಿನಿಮಾದಾಗೂ ಬರಬಹುದಲ್ಲ?” ಎಂಎಂಎ ಅಂದರೆ ಕುಸ್ತಿ, ಬಾಕ್ಸಿಂಗ್, ಜೂಡೊ ಎಲ್ಲ ಬೆರೆತು ಬಲೆಯ ಪಂಜರದೊಳಗೆ ನಡೆಯುವ ಮಿಶ್ರ ಸಮರಕಲೆ. ಗರಡಿಯಲ್ಲಿ ಸಂಜೆಹೊತ್ತು ಹುಡುಗರ ಜೋಡಿ ನೋಡಿಕೊಳ್ಳುವ ನಾನು ಪ್ರತಿಸಲವೂ ರ‍್ಯಾಂಡಿ ಕೂಚರ್ ಅವರ ಕಥೆಯಿಂದಲೇ ಉತ್ತರ ಶುರುಮಾಡುತ್ತೇನೆ. ಕುಸ್ತಿ, ಪಂಜರ, ಸಿನಿಮಾ ಮೂರನ್ನೂ ಅದೇ ಕ್ರಮದಲ್ಲಿ ಕಂಡವರು ಅವರು.

1963ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕೂಚರ್ ಸೇನೆಯಲ್ಲಿದ್ದು, ನಂತರ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ ಕುಸ್ತಿಯಾಡಿದರು. ಒಲಿಂಪಿಕ್ಸ್ ತಂಡದಲ್ಲಿ ಮೀಸಲು ಕುಸ್ತಿಪಟುವಿನ ಸ್ಥಾನ ದಾಟಲು ಅವರಿಗೆ ಆಗಲೇ ಇಲ್ಲ. 1997ರ ಮೇ ತಿಂಗಳಲ್ಲಿ, ನಮ್ಮೂರಿನ ಲೆಕ್ಕದಲ್ಲಿ ಪೈಲ್ವಾನ ಲಂಗೋಟ ಬಿಚ್ಚಿಟ್ಟು ಉಸ್ತಾದನಾಗುವ ಮೂವತ್ಮೂರನೆಯ ವಯಸ್ಸಿನಲ್ಲಿ, ಎಂಎಂಎ ಪಂದ್ಯಗಳನ್ನು ನಡೆಸುವ ಅಮೆರಿಕದ ಸಂಸ್ಥೆಯಾದ ಯುಎಫ್‌ಸಿಗೆ ಕಾಲಿಟ್ಟು ಒಂದೇ ರಾತ್ರಿ ಇಬ್ಬರನ್ನು ಸೋಲಿಸಿದರು. ಅದೇ ಡಿಸೆಂಬರ್‌ನಲ್ಲಿ ಕಿಕ್‌ಬಾಕ್ಸಿಂಗ್‌ನಿಂದ ಬಂದಿದ್ದ ಮೌರಿಸ್ ಸ್ಮಿತ್ ಅವರನ್ನು ಮಣಿಸಿ ಹೆವಿವೇಟ್ ಚಾಂಪಿಯನ್ ಆದರು.

ಅವರು ಕಲಿತದ್ದು ಗ್ರೀಕೋ-ರೋಮನ್ ಶೈಲಿ. ಅದರಲ್ಲಿ ಸೊಂಟದ ಕೆಳಗೆ ಕೈಹಾಕುವಂತಿಲ್ಲವಾದ್ದರಿಂದ ವಿದ್ಯೆಯೆಲ್ಲ ಕತ್ತು, ಕಂಕುಳು, ಎದೆಗಳಲ್ಲಿಯೇ ಇರುತ್ತದೆ. ಕೂಚರ್ ಎದೆಗೆ ಎದೆ ಕೊಟ್ಟು ಎದುರಾಳಿಯನ್ನು ಪಂಜರದ ಬಲೆಗೆ ಒತ್ತಿ, ಒಂದು ಕೈಯಿಂದ ಹಿಂಗತ್ತು ಹಿಡಿದು, ಇನ್ನೊಂದರಿಂದ ಗೇಣು ದೂರದಿಂದ ಗುದ್ದುತ್ತಿದ್ದರು. ಕೈ ಬೀಸಿ ಹೊಡೆದು ರೂಢಿಯಾದವನಿಗೆ ಬೀಸಲು ಜಾಗವೇ ಉಳಿಯುತ್ತಿರಲಿಲ್ಲ. 2003ರಲ್ಲಿ ಒಂದು ತೂಕದ ವರ್ಗ ಕೆಳಗಿಳಿದು, ಹೊಡೆತಕ್ಕೆ ಹೆಸರಾಗಿದ್ದ ಚಕ್ ಲಿಡೆಲ್ ಅವರನ್ನೂ, ನಾಲ್ಕು ತಿಂಗಳೊಳಗೆ ಆ ವರ್ಗದ ಚಾಂಪಿಯನ್ ಟಿಟೊ ಒರ್ಟಿಜ್ ಅವರನ್ನೂ ಸೋಲಿಸಿ, ಯುಎಫ್‌ಸಿಯಲ್ಲಿ ಎರಡು ತೂಕಗಳ ಪಟ್ಟ ಪಡೆದ ಮೊದಲಿಗರಾದರು.

ಇಷ್ಟು ಕೇಳಿದ ಹುಡುಗರ ಮುಖ ಅರಳುತ್ತದೆ. ಆಗ ನಾನು ಅವರಲ್ಲೊಬ್ಬನನ್ನು ಅಖಾಡಕ್ಕೆ ಕರೆಯುತ್ತೇನೆ. ಕಳೆದ ಸಲ ಬಂದವನು ಹದಿನೇಳರ ಗಟ್ಟಿ ಹುಡುಗ. ಕಾಲು ಸಿಕ್ಕಿಸಿ ಕೆಡವಿದೊಡನೆ, ಬೆನ್ನು ಮಣ್ಣಿಗೆ ತಾಗದಿರಲೆಂದು ಬೆಕ್ಕಿನಂತೆ ಹೊರಳಿ ಮಕಾಡೆ ಮಲಗಿ, ಮೊಣಕೈ ಊರಿ ಗಟ್ಟಿಯಾದ. ಚಿತ್ ಆಗದಿರಲು ನಾವೇ ಕಲಿಸಿದ ಪಾಠವದು. ಮಣ್ಣಿನ ಕುಸ್ತಿಯಲ್ಲಾದರೆ ನಾನು ಅವನನ್ನು ಮಗುಚಲು ಹತ್ತು ನಿಮಿಷ ಬೆವರಬೇಕಿತ್ತು. ನಾನು ಮಗುಚಲು ಹೋಗಲಿಲ್ಲ. ಅವನ ಬೆನ್ನ ಮೇಲೆ ಮಲಗಿ, ಗದ್ದದ ಕೆಳಗೆ ತೋಳು ತೂರಿಸಿ ಮೆಲ್ಲಗೆ ಅಮುಕಿದೆ. ಮೂರು ಎಣಿಸುವುದರೊಳಗೆ ಅವನು ಸೋಲೊಪ್ಪಿ ಮಣ್ಣಿಗೆ ಕೈಬಡಿದ.

ಪಂಜರದಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಯಾರೂ ಸೀಟಿ ಊದುವುದಿಲ್ಲ. ಕೆಳಗೆ ಬಿದ್ದವನು ಮೇಲಿರುವವನ ಕೈಯನ್ನು ತನ್ನೆರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಮೊಣಕೈಯನ್ನು ಉಲ್ಟಾ ಬಗ್ಗಿಸಬಲ್ಲ. ಚಾಂಪಿಯನ್ ಆದ ಮೇಲೆ ಕೂಚರ್ ಸತತವಾಗಿ ಎರಡು ಸಲ, 1998ರಲ್ಲಿ ಎನ್ಸನ್ ಇನೊಯೆ ಎದುರು ಮತ್ತು 1999ರಲ್ಲಿ ಮಿಖಾಯಿಲ್ ಇಲ್ಯುಖಿನ್ ಎದುರು, ಇಂಥ ಕೈಪಟ್ಟುಗಳಿಗೆ ಸಿಕ್ಕಿಯೇ ಸೋತರು. ನಮ್ಮ ಹುಡುಗರಿಗೆ ನಾನು ಹೆಚ್ಚು ಹೇಳುವುದು ಪಟ್ಟಗಳಿಗಿಂತ ಈ ಎರಡು ಸೋಲುಗಳನ್ನು.

ಸಿನಿಮಾದ ಮಾತು ಬೇಗ ಮುಗಿಯುತ್ತದೆ. ಕೂಚರ್ ದೊಡ್ಡ ಚಿತ್ರವೊಂದರಲ್ಲಿ ಎದ್ದು ಕಂಡದ್ದು 2010ರ ‘ದಿ ಎಕ್ಸ್‌ಪೆಂಡಬಲ್ಸ್’ನಲ್ಲಿ, ಪಂಜರಕ್ಕಿಳಿದು ಹದಿಮೂರು ವರ್ಷಗಳಾದ ಮೇಲೆ. ಉಜ್ಜಿ ಉಜ್ಜಿ ಮುದುಡಿದ ಅವರ ಕಿವಿಯೇ ಅಲ್ಲಿ ಮಾತಿನ ವಸ್ತುವಾಯಿತು. (ಅಂಥ ಕಿವಿಗಳು ನಮ್ಮ ಗರಡಿಗಳಲ್ಲಿ ಬೇಕಾದಷ್ಟಿವೆ, ಹೆಣ್ಣು ನೋಡಲು ಹೋದಾಗ ಮಾತ್ರ ಅವುಗಳ ಮಾತೆತ್ತುತ್ತಾರೆ.) ಕುಸ್ತಿಗಿಂತ ಮೊದಲು ಸಿನಿಮಾದ ಬಗ್ಗೆ ಕೇಳುವ ಹುಡುಗನ ಕೈಗೆ ಗುದ್ದಲಿ ಕೊಟ್ಟು, ಅಖಾಡದ ಮಣ್ಣು ಸಡಿಲಿಸಲು ಹೇಳುತ್ತೇನೆ.

ಹಾಗಾದರೆ ಗೆಲ್ಲುತ್ತಾರೆಯೇ? ಹಿಡಿಯಲು, ಕೆಡವಲು ನಮ್ಮವರಿಗೆ ಬರುತ್ತದೆ. ಕೆಡವಿದ ಮೇಲಿನ ಕೆಲಸಕ್ಕೆ ಜೂಡೊ ಅಥವಾ ನೆಲದ ಮೇಲಿನ ಪಟ್ಟುಗಳ ವಿದ್ಯೆಯಾದ ಜಿಯು-ಜಿತ್ಸು ಬಲ್ಲವರ ಕೈಕೆಳಗೆ ಕೂತು ಕಲಿಯಬೇಕು. ಆ ಸಿನಿಮಾ ಬಿಡುಗಡೆಯಾಗಿ ಎರಡು ವಾರ ಕಳೆದಾಗ, ನಲವತ್ತೇಳರ ಕೂಚರ್ ಬಾಕ್ಸಿಂಗ್‌ನ ಮಾಜಿ ವಿಶ್ವ ಚಾಂಪಿಯನ್ ಜೇಮ್ಸ್ ಟೋನಿ ಎದುರು ನಿಂತರು. ಗುದ್ದಿಗೆ ಗುದ್ದು ಕೊಡುವ ಗೋಜಿಗೇ ಹೋಗದೆ, ಬಗ್ಗಿ ಕಣಕಾಲಿಗೆ ಕೈಹಾಕಿ ಕೆಡವಿದರು. ನಮ್ಮ ಜಾತ್ರೆಯಲ್ಲಾಗಿದ್ದರೆ ಅಷ್ಟಕ್ಕೇ ಹಲಗೆ ಬಾರಿಸಿ ಪೇಟ ಸುತ್ತುತ್ತಿದ್ದರು. ಕೂಚರ್ ಮೇಲೇಳಲಿಲ್ಲ, ಎದೆಯ ಮೇಲೆ ಕೂತು, ತೋಳಿನ ಸಮೇತ ಕತ್ತನ್ನು ಅಪ್ಪಿ ಅಮುಕುತ್ತ ಹೋದರು. ಮೊದಲ ಸುತ್ತು ಮುಗಿಯುವ ಮುನ್ನವೇ ಟೋನಿ ಸೋಲೊಪ್ಪಿಕೊಂಡಿದ್ದರು.