ಮಗ್ಗದ ಒತ್ತು ಎಲ್ಲಿ ಹೋಯಿತು?

ಹನ್ನೊಂದು ವರ್ಷದಿಂದ ಪ್ರಿಂಟ್ ಡಿಸೈನ್ ಮಾಡುತ್ತಿದ್ದೇನೆ. ಕ್ಯಾಲೆಂಡರ್, ಲಗ್ನಪತ್ರಿಕೆ, ಬ್ರೋಷರ್, ಫ್ಲೆಕ್ಸ್, ಎಲ್ಲ. ಮುದ್ರಣದ ಪ್ಲೇಟಿಗೆ ಕಳಿಸುವ ಮೊದಲು ಒಂದು ಪ್ರಿಂಟ್ ತೆಗೆದು ಅಕ್ಷರ ಅಕ್ಷರ ನೋಡುವುದು ನನ್ನ ಅಭ್ಯಾಸ. ಮೊದಲ ವೆಬ್‌ಸೈಟ್ ಮಾಡುವಾಗ ಆ ಅಭ್ಯಾಸವನ್ನೇ ಬಿಟ್ಟೆ. ಅದು ಇನ್ನೂ ಚುಚ್ಚುತ್ತಿದೆ.

ಹುಬ್ಬಳ್ಳಿಯ ಒಂದು ಇಳಕಲ್ ಸೀರೆ ಅಂಗಡಿಯ ಕೆಲಸ ಅದು. ನಮ್ಮ ಆಫೀಸಿನಲ್ಲಿ ಕೋಡ್ ಬರೆಯುವವರು ಯಾರೂ ಇಲ್ಲ. ಮ್ಯಾನೇಜರ್ ಸಿದ್ಧ ವಿನ್ಯಾಸಗಳಲ್ಲಿ (ಟೆಂಪ್ಲೇಟ್) ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಒಂದು ವೆಬ್‌ಸೈಟ್ ಬಿಲ್ಡರ್‌ಗೆ ವರ್ಷದ ದುಡ್ಡು ಕಟ್ಟಿ ಬಂದರು. "ಟೆಂಪ್ಲೇಟ್ ಅದಾವ, ಎಳದು ಕೂಡಿಸಿದ್ರ ಮುಗೀತು, ಎರಡು ದಿನ ಸಾಕಲ್ಲ?" ಅಂದರು. ನಾನೂ ಹೂಂ ಅಂದೆ.

ಮೊದಲ ದಿನ ನಿಜಕ್ಕೂ ಖುಷಿಯಾಯಿತು. ಫೋಟೊ ಎಳೆದು ಬಿಟ್ಟರೆ ಗ್ರಿಡ್ಡಿಗೆ ತಾನೇ ಕೂರುತ್ತದೆ. ವಾಟ್ಸ್ಆ್ಯಪ್ ಬಟನ್, ಮ್ಯಾಪ್, ಫಾರ್ಮ್, ಒಂದಕ್ಕೂ ಕೋಡ್ ಬೇಡ. ಫೋಟೊಗಳು ಮಾತ್ರ ಪ್ರಿಂಟಿಗೆಂದು ತೆಗೆದ ಸಿಎಂವೈಕೆ (ನಾಲ್ಕು ಶಾಯಿಗಳ ಬಣ್ಣಕ್ರಮದ) ಫೈಲ್‌ಗಳು, ತೋಪತೆನಿ (ಇಳಕಲ್ ಸೀರೆಯ ಸಾಂಪ್ರದಾಯಿಕ ವಿನ್ಯಾಸದ) ಸೆರಗಿನ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಎಲ್ಲವನ್ನೂ ಪರದೆಯ ಬಣ್ಣಕ್ರಮವಾದ ಎಸ್‌ಆರ್‌ಜಿಬಿಗೆ ಬದಲಿಸಿ, ಅಗಲ 1600 ಪಿಕ್ಸೆಲ್‌ಗೆ ಇಳಿಸಿ ಮತ್ತೆ ಹಾಕಿದೆ. ಹೆಡ್ಡಿಂಗ್ ಜಾಗದಲ್ಲೆಲ್ಲ ಸದ್ಯಕ್ಕಿರಲಿ ಅಂತ ಇಂಗ್ಲಿಷ್ ಸಾಲು ಇಟ್ಟೆ. ಡೆಸ್ಕ್‌ಟಾಪ್ ನೋಡಿದೆ, ಮೊಬೈಲ್ ಪ್ರಿವ್ಯೂ ನೋಡಿದೆ, ಎರಡೂ ಚೆನ್ನಾಗಿತ್ತು.

ಕನ್ನಡ ಮ್ಯಾಟರ್ ಬಂದದ್ದು ಎರಡನೇ ದಿನ ಸಂಜೆ. ಡಿಟಿಪಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆದ ಫೈಲ್. ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೆರೆ, ಚುಕ್ಕಿ. ಕನ್ವರ್ಟರ್‌ಗೆ ಹಾಕಿ ಎಲ್ಲ ಕಡೆ ಓದಲು ಬರುವ ಯುನಿಕೋಡ್ ಮಾಡಿದೆ. ಅರ್ಕಾವತ್ತುಗಳು ಜಾಗ ತಪ್ಪಿದ್ದವು, ಒಂದೊಂದಾಗಿ ತಿದ್ದುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಲ್ಯಾಪ್‌ಟಾಪಿನಲ್ಲಿ ಲೈನ್ ಹೈಟ್ (ಒಂದು ಸಾಲಿಗೆ ಸಿಗುವ ಎತ್ತರ) 1.5 ಮಾಡಿದೆ, ಹೆಡ್ಡಿಂಗ್ ಚೆನ್ನಾಗಿ ಕಂಡಿತು, ಪಬ್ಲಿಶ್ ಒತ್ತಿ ಮಲಗಿದೆ. ಮೊಬೈಲ್ ಪ್ರಿವ್ಯೂ ಆಗಲೇ ನೋಡಿದ್ದೇನಲ್ಲ ಅಂತ ಸುಮ್ಮನಾದೆ. ನೋಡಿದ್ದು ಇಂಗ್ಲಿಷ್ ಸಾಲನ್ನು.

ಮರುದಿನ ಅಂಗಡಿಗೆ ಹೋದಾಗ ಇಳಕಲ್‌ನಿಂದ ಒಬ್ಬ ಹಿರಿಯ ನೇಕಾರರು ಗಂಟು ತಂದು ಕೂತಿದ್ದರು. ಮಾಲಕರು ಲಿಂಕ್ ತೆರೆದು ಸಂಭ್ರಮದಿಂದ ಫೋನನ್ನು ಅವರ ಕೈಗೇ ಕೊಟ್ಟರು. ಅಜ್ಜ ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು: "ನಮ... ಮಗದ... ಸೀರೆ." ಮತ್ತೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಮಗದ ಸೀರಿ ಅಂದ್ರ ಏನಪಾ ತಮ್ಮಾ?"

ಫೋನ್ ಇಸ್ಕೊಂಡು ನೋಡಿದೆ. "ನಮ್ಮ ಮಗ್ಗದ ಸೀರೆ" ಅಂತ ಇರಬೇಕಾದ ಕಡೆ ಒಂದೂ ಒತ್ತಿಲ್ಲ. ಕೆಳಗಿನದೆಲ್ಲ ಗೆರೆ ಎಳೆದು ಕತ್ತರಿಸಿದ ಹಾಗೆ. ನಲವತ್ತು ವರ್ಷ ಗುಣಿಮಗ್ಗದಲ್ಲಿ (ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಮಗ್ಗ) ಕೂತು, ಒಡಲಿನ ಹಾಸು (ಉದ್ದ) ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಮನುಷ್ಯನ ಮುಂದೆ ನಾನು ಮಗ್ಗ ಅನ್ನೋ ಪದವನ್ನೇ ಅರ್ಧ ಮಾಡಿ ಇಟ್ಟಿದ್ದೆ. ಮುಖ ಎತ್ತೋಕೆ ಆಗಲಿಲ್ಲ.

ಅಲ್ಲೇ ಗಾದಿ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಮೊಬೈಲ್‌ಗೆ ಲೈನ್ ಹೈಟ್ ಬೇರೆಯೇ ಇತ್ತು, ಟೆಂಪ್ಲೇಟಿನ 1.0 ಹಾಗೇ ಉಳಿದಿತ್ತು. ಹೆಡ್ಡಿಂಗ್ ಕೆಳಗಿನಿಂದ ಮೇಲೆ ಏಳುವ ಎಫೆಕ್ಟ್ ಒಂದು, ಅದು ಬಾಕ್ಸಿನ ಹೊರಗೆ ಹೋದದ್ದನ್ನು ಕತ್ತರಿಸುತ್ತದೆ. ಇಂಗ್ಲಿಷಿಗೆ ಅಷ್ಟು ಜಾಗ ಸಾಕು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದಲ್ವಾ, ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಇನ್ನೊಂದು, ಟೆಂಪ್ಲೇಟಿನ ಫಾಂಟ್‌ನಲ್ಲಿ ಕನ್ನಡವೇ ಇರಲಿಲ್ಲ. ಹಾಗಾಗಿ ನನ್ನ ವಿಂಡೋಸ್ ಲ್ಯಾಪ್‌ಟಾಪ್ ತನ್ನ ನಿರ್ಮಲಾ ಫಾಂಟ್ ತೋರಿಸಿತ್ತು, ಅವರ ಆಂಡ್ರಾಯ್ಡ್ ತನ್ನ ನೋಟೊ ತೋರಿಸುತ್ತಿತ್ತು. ನಾನು ಆರಿಸಿದ ಫಾಂಟ್ ಎರಡರಲ್ಲೂ ಇರಲೇ ಇಲ್ಲ.

ಎಫೆಕ್ಟ್ ತೆಗೆದೆ. ಕನ್ನಡ ಇರುವ "ಬಲೂ ತಮ್ಮ" ಎಂಬ ಫಾಂಟ್ ಹಾಕಿದೆ. ಲೈನ್ ಹೈಟ್ 1.6, ಅಕ್ಷರಗಳ ನಡುವಿನ ಗ್ಯಾಪ್ ಸೊನ್ನೆ. ಪಬ್ಲಿಶ್. ಫೋನಿನಲ್ಲಿ ಮತ್ತೆ ಅದೇ "ಮಗದ". ಬೆವರು ಬಂತು. ಇನ್ನೊಮ್ಮೆ ಪಬ್ಲಿಶ್, ರಿಫ್ರೆಶ್, ಮತ್ತೆ ಅದೇ. ಚಹಾ ಬಂತು, ಆರಿ ತಣ್ಣಗಾಯಿತು. ಅಜ್ಜ ಏನೂ ಅನ್ನಲಿಲ್ಲ, ಗಂಟು ಬಿಚ್ಚಿ ಸೀರೆ ಎಣಿಸುತ್ತಿದ್ದರು. ಕೊನೆಗೆ ಬ್ರೌಸರ್ ಉಳಿಸಿಟ್ಟುಕೊಂಡಿದ್ದ ಹಳೆಯ ಪ್ರತಿ, ಅಂದರೆ ಕ್ಯಾಶೆ, ಕ್ಲಿಯರ್ ಮಾಡಿದ ಮೇಲೆ ಸರಿಯಾದದ್ದು ಬಂತು. ಅವರಿಗೆ ತೋರಿಸಿದೆ. "ಹಾಂ, ಈಗ ಮಗ್ಗ ಆತು" ಅಂದರು.

ಆ ಸಾಫ್ಟ್‌ವೇರ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಈಗಲೂ ಅದರಲ್ಲೇ ಕೆಲಸ ಮಾಡುತ್ತೇನೆ, ಸಣ್ಣ ಅಂಗಡಿಗೆ ಅದೇ ಸರಿ. ಆದರೆ ಈಗ ಟೆಂಪ್ಲೇಟ್ ತೆರೆದ ತಕ್ಷಣ ಮೊದಲು "ಮಗ್ಗ, ಸ್ತ್ರೀ, ಅಕ್ಕ, ವಸ್ತ್ರ" ಅಂತ ಹೆಡ್ಡಿಂಗಿನಲ್ಲಿ ಟೈಪ್ ಮಾಡಿ, ಕಡಿಮೆ ಬೆಲೆಯ ಒಂದು ಫೋನಿನಲ್ಲಿ ತೆರೆದು ನೋಡುತ್ತೇನೆ. ಒತ್ತು ಕಟ್ಟಾದರೆ ಆ ಟೆಂಪ್ಲೇಟ್ ಎಷ್ಟೇ ಚಂದ ಇರಲಿ, ಬಿಟ್ಟುಬಿಡುತ್ತೇನೆ. ಕನ್ನಡ ಮ್ಯಾಟರ್ ಕೈಗೆ ಬರದೆ ಲೇಔಟ್ ಶುರು ಮಾಡಲ್ಲ.

ನಮ್ಮ ಕೊಟೇಶನ್ ಶೀಟಿನಲ್ಲಿ ಮಾತ್ರ ಇವತ್ತಿಗೂ "ವೆಬ್‌ಸೈಟ್: 2 ದಿನ" ಅಂತಲೇ ಇದೆ. ಅದರ ಮುಂದೆ "ಕನ್ನಡ ಮ್ಯಾಟರ್ ಬಂದ ಮೇಲೆ" ಅಂತ ಸೇರಿಸಿ ಎಂದು ಮ್ಯಾನೇಜರನ್ನು ಮೂರು ಸಲ ಕೇಳಿದ್ದೇನೆ. ನಾಳೆ ಮತ್ತೆ ಕೇಳುತ್ತೇನೆ.