ಎಷ್ಟು ಎಣಿಸಿದ್ರಿ?

ಡಾಕ್ಟರು ಕೇಳಿದ್ದು ಒಂದೇ ಮಾತು. "ಎಷ್ಟು ಎಣಿಸಿದ್ರಿ?"

ಮೈದುನ ನನ್ನ ಮುಖ ನೋಡಿದ. ನಾನು ಆಡಿನ ಮರಿಯನ್ನು ನೋಡಿದೆ. ಅದು ಗೋಡೆಗೆ ಹಣೆ ಒತ್ತಿ ನಿಂತಿತ್ತು, ತಪ್ಪು ಮಾಡಿ ಮೂಲೆಯಲ್ಲಿ ನಿಂತ ಶಾಲೆ ಹುಡುಗನ ಹಾಗೆ. ಎಣಿಸಿದವರು ಯಾರೂ ಇರಲಿಲ್ಲ.

ಇದು ಮಂಗಳವಾರದ ಮಾತು. ಗುರುವಾರ ನಸುಕಿನಲ್ಲಿ ಮರಿ ಹೋಯಿತು. ಇವತ್ತು ರವಿವಾರ. ರೊಟ್ಟಿ ಬಡಿಯುವಾಗ, ಮಗಳ ಜಡೆ ಹಾಕುವಾಗ, ಸುಮ್ನೆ ಕೂತಾಗಲೂ ಆ ಪ್ರಶ್ನೆ ಬಂದು ಎದುರಿಗೆ ನಿಲ್ಲುತ್ತದೆ.

ಕೋಡು ಸುಡುವಾಗ ಮರಿಯನ್ನು ಹಿಡಿದಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಲ್ಲ ತಪ್ಪೂ ಮೈದುನನ ತಲೆಗೆ ಕಟ್ಟಿದ ಹಾಗಾಗುತ್ತದೆ.

ನಮ್ಮದು ಅಮೀನಗಡದ ಹತ್ತಿರದ ಹಳ್ಳಿ. ಹೊರಗಿನವರಿಗೆ ಅಮೀನಗಡ ಅಂದರೆ ಕರದಂಟು. ನಮಗೆ ಅದು ಕುರಿ-ಆಡಿನ ಸಂತೆ. ಮೈದುನ ಪುಣೆಯ ಕೆಲಸ ಬಿಟ್ಟು ಬಂದು, ಸಾಲ ಮಾಡಿ, ತಗಡಿನ ಶೆಡ್ ಹಾಕಿ ಆಡು ಕಟ್ಟಿದ್ದಾನೆ. ಎಲ್ಲವೂ ಉಸ್ಮಾನಾಬಾದಿ ತಳಿ, ಮಿರಿಮಿರಿ ಕಪ್ಪು. ಹುಡುಗ ದುಡಿಯುವುದರಲ್ಲಿ ಎತ್ತು. ಕೇಳಿಸಿಕೊಳ್ಳುವುದರಲ್ಲೂ ಎತ್ತೇ. ಮೊಬೈಲಿನಲ್ಲಿ ಯಾರೋ ಹೇಳಿದ್ದು ಅವನಿಗೆ ವೇದ, ಮನೆಯಲ್ಲಿ ಅವ್ವ ಹೇಳಿದ್ದು ವಟವಟ.

ಆದರೆ ಕೋಡಿನ ವಿಚಾರದಲ್ಲಿ ನಾನೂ ಅವನ ಕಡೆಗೇ ಇದ್ದೆ. ಹೋದ ವರ್ಷ ಒಂದು ಆಡು ರಾತ್ರಿ ಜಾಲರಿಯೊಳಗೆ ತಲೆ ತೂರಿಸಿತು. ತಲೆ ಹೋಗುವಾಗ ಹೋಯಿತು, ಹಿಂದೆ ಬರುವಾಗ ಕೋಡು ಸಿಕ್ಕಿಕೊಂಡಿತು. ಬೆಳಿಗ್ಗೆ ನೋಡಿದರೆ ನೇತಾಡುತ್ತಿತ್ತು. ಈ ದಸರೆಗೆ ನನ್ನ ಮಗಳ ಹುಬ್ಬಿಗೆ ಇನ್ನೊಂದು ಆಡಿನ ಕೋಡು ತಾಗಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. "ಮರಿ ಇದ್ದಾಗಲೇ ಕೋಡು ಸುಟ್ಟುಬಿಟ್ಟರ ಛಲೋ" ಅಂದವಳು ನಾನು. ಸೀಗಿ ಹುಣ್ಣಿಮೆ ಮುಗಿದ ಮೇಲೆ ಮೂರು ಆಡು ಈದವು. ಎರಡಕ್ಕೆ ಅವಳಿ, ಒಂದಕ್ಕೆ ಒಂದು. ಐದು ಮರಿ.

ಮೈದುನ ಕಂಬಾರರ ಕಡೆ ಹೋಗಿ ಒಂದು ಸರಳು ಮಾಡಿಸಿಕೊಂಡು ಬಂದ. ತುದಿಯಲ್ಲಿ ರೂಪಾಯಿ ನಾಣ್ಯದಷ್ಟು ಬಿಲ್ಲೆ. ಹೋದ ರವಿವಾರ ಒಲೆಯಲ್ಲಿ ಕಾಯಿಸಿದ. ಕೆಂಪಗೆ ನಿಗಿನಿಗಿ ಆಯಿತು. ಅದನ್ನು ನೋಡಿ ಅವನಿಗೇ ಕರುಳು ಚುರ್ ಅಂದಿತು.

"ಪಾಪ ವೈನಿ, ಅಷ್ಟ ಬಿಸಿ ಬ್ಯಾಡ, ಚೂರು ಆರ್ಲಿ."

ಕೆಂಪು ಹೋಗಿ ಕಪ್ಪಾಗುವವರೆಗೆ ಕಾದ. ಆಮೇಲೆ ಒಂದು ಮರಿಯ ನೆತ್ತಿಗೆ, ಕೋಡು ಮೂಡುವ ಜಾಗಕ್ಕೆ ಇಟ್ಟ. ನಾನು ಮರಿಯನ್ನು ತೊಡೆಯ ನಡುವೆ ಅದುಮಿ, ಎರಡೂ ಕೈಯಿಂದ ದವಡೆ ಹಿಡಿದಿದ್ದೆ. ಅದು ಕೂಗಿದ ಕೂಗಿಗೆ ತಾಯಿ ಆಡು ಗೂಟ ಕಿತ್ತುಕೊಂಡು ಬಂತು. ಕೂದಲು ಸುಟ್ಟ ವಾಸನೆ. ಸರಳು ಆರಿದ್ದರಿಂದ ಬೇಗ ಸುಡಲೇ ಇಲ್ಲ. ಇನ್ನೂ ಒತ್ತಿದ. ಇನ್ನೂ ಒತ್ತಿದ. ಆಮೇಲೆ ಮರಿ ಕೂಗುವುದನ್ನು ಬಿಟ್ಟಿತು.

"ಸುಮ್ಮನಾತು ನೋಡ್ರಿ. ನೋವು ಇಲ್ಲ ಅದಕ್ಕ."

ನಾನೂ ನಂಬಿದೆ. ಅಥವಾ ನಂಬುವುದು ಅನುಕೂಲ ಇತ್ತು.

ಅತ್ತೆ ಬಂದು ಬೈದರು ಅಂತ ಉಳಿದ ನಾಲ್ಕು ಮರಿ ಮರುದಿನಕ್ಕೆ ಅಂದುಕೊಂಡೆವು. ಅತ್ತೆ ಬೈದದ್ದು ಸುಟ್ಟಿದ್ದಕ್ಕಲ್ಲ, ಅಮವಾಸ್ಯೆ ಹತ್ತಿರ ಬಂದಾಗ ಸುಟ್ಟಿದ್ದಕ್ಕೆ. ಸುಡುವುದು ಅವರಿಗೆ ಔಷಧವೇ. ದನಕ್ಕೆ ಕಾಲು ಬಾತರೂ ಬರೆ, ಹೊಟ್ಟೆ ಉಬ್ಬಿದರೂ ಬರೆ. ಆದರೂ ಆವತ್ತು ಅವರು ಬೈದದ್ದರಿಂದ ನಾಲ್ಕು ಜೀವ ಉಳಿದವು, ಅಷ್ಟು ಪುಣ್ಯ ಅವರಿಗಿರಲಿ.

ಸೋಮವಾರ ಮರಿ ಮೊಲೆ ಹಿಡಿಯಲಿಲ್ಲ. ಮಂಗಳವಾರ ಗೋಡೆಗೆ ಹಣೆ ಒತ್ತತೊಡಗಿತು. ಆಗ ಡಾಕ್ಟರಿಗೆ ಫೋನು.

ಅವರು ಬೀದರಿನಲ್ಲಿ ಓದಿ ಬಂದ ಹೆಣ್ಣುಮಗಳು, ನನಗಿಂತ ಐದಾರು ವರ್ಷ ಸಣ್ಣವರು. ಮಾತು ಭಾಳ ಹರಿತ. ಊರಿನ ಅರ್ಧ ಗಂಡಸರು ಅವರನ್ನು ಕರೆಯಲು ಹಿಂಜರಿಯುವುದು ಅದಕ್ಕೇ. ನನಗೆ ಅವರು ಇಷ್ಟ, ಆವತ್ತೊಂದು ದಿನ ಬಿಟ್ಟು.

"ಎಷ್ಟು ಎಣಿಸಿದ್ರಿ?"

"ವಿಡಿಯೋದಾಗ ಇಪ್ಪತ್ತು ಸೆಕೆಂಡು ಅಂದಿದ್ದ ಮೇಡಂ" ಅಂದ ಮೈದುನ.

"ಯಾವುದರ ವಿಡಿಯೋ?"

ಮೊಬೈಲು ತೆಗೆದು ತೋರಿಸಿದ. ಎಮ್ಮೆಯಷ್ಟು ದಪ್ಪಗಿನ ಒಂದು ಆಕಳ ಕರು.

ಡಾಕ್ಟರು ಒಂದು ಕ್ಷಣ ಏನೂ ಅನ್ನಲಿಲ್ಲ. ಆಮೇಲೆ ಬೆರಳಿನಿಂದ ಮರಿಯ ನೆತ್ತಿ ಮುಟ್ಟಿ ಹೇಳಿದರು. ಕರುವಿನ ತಲೆಬುರುಡೆ ದಪ್ಪ, ಆಡಿನ ಮರಿಯದ್ದು ತೆಳು. ಕರುವಿನ ಲೆಕ್ಕ ಇದಕ್ಕೆ ಹಾಕಿದರೆ ಕಾವು ಬುರುಡೆ ದಾಟಿ ಮಿದುಳಿಗೆ ಹೋಗುತ್ತದೆ. ನೋವಿಗೆ, ನಂಜಿಗೆ ಇಂಜೆಕ್ಷನ್ ಕೊಟ್ಟರು. ಉಳಿಯುತ್ತದೆ ಅಂತ ಮಾತ್ರ ಹೇಳಲಿಲ್ಲ.

ನನಗೆ ಜಾಸ್ತಿ ನಾಟಿದ್ದು ಆಮೇಲಿನ ಮಾತು. ಸರಳು ಆರಿಸಿದ್ದನ್ನು ಮೈದುನ ದೊಡ್ಡ ಕರುಣೆ ಅನ್ನುವಂತೆ ಹೇಳಿಕೊಂಡ. ಡಾಕ್ಟರು ತಲೆ ಅಲ್ಲಾಡಿಸಿದರು. ಚೆನ್ನಾಗಿ ಕಾದ ಕಬ್ಬಿಣ ಐದು ಸೆಕೆಂಡಿನಲ್ಲಿ ಮೇಲಿನ ಚರ್ಮ ಸುಟ್ಟು ಕೆಲಸ ಮುಗಿಸುತ್ತದೆ. ಆರಿದ ಕಬ್ಬಿಣವನ್ನು ಒತ್ತಿಕೊಂಡೇ ಇರಬೇಕು, ಆ ಹೊತ್ತಿಗೆ ಕಾವು ಒಳಗೆ ಇಳಿಯುತ್ತದೆ. ಅಂದರೆ ಮರಿಯನ್ನು ಕೊಂದದ್ದು ನಮ್ಮ "ಪಾಪ"ವೇ. ಬಿಸಿ ಕಡಿಮೆ ಮಾಡಿದೆವು, ಹೊತ್ತು ಜಾಸ್ತಿ ಮಾಡಿದೆವು, ಒಳ್ಳೆಯವರಾದೆವು ಅಂದುಕೊಂಡೆವು.

ಶುಕ್ರವಾರ ಅವರು ಉಳಿದ ಮರಿಗಳಿಗಾಗಿ ಕರೆಂಟಿನ ಕಾವಿನ ಸಲಕರಣೆ ತಂದರು. ಎಂಟು-ಹತ್ತು ದಿನದ ಮರಿಗಳು. ಇದೇ ಸರಿಯಾದ ಹೊತ್ತಂತೆ. ಮೂರನೇ ವಾರ ದಾಟಿತು ಅಂದರೆ ಕೋಡಿನ ಮೊಗ್ಗು ಬುರುಡೆಗೆ ಬೇರು ಬಿಟ್ಟಿರುತ್ತದೆ. ದೊಡ್ಡ ಆಡಿನ ಕೋಡಂತೂ ಒಳಗೆ ಪೊಳ್ಳು, ಕೊಯ್ದರೆ ತಲೆಯೊಳಗೇ ಕಿಂಡಿ ತೆರೆದ ಹಾಗೆ. ಅದನ್ನು ಮನೆಯಲ್ಲಿ ಕನಸಿನಲ್ಲೂ ಮಾಡಬೇಡಿ ಅಂದರು. ಔಷಧ ಅಂಗಡಿಯವನು ಹೇಳಿದ್ದ ಹಚ್ಚುವ ಸುಡುಮದ್ದೂ ಬೇಡ ಅಂದರು. ಮರಿ ಮೊಲೆ ಉಣ್ಣುವಾಗ ತಾಯಿ ಕೆಚ್ಚಲಿಗೆ ತಾಗುತ್ತದೆ, ಇಬ್ಬನಿಗೆ ಕರಗಿ ಮರಿಯ ಕಣ್ಣಿಗೇ ಇಳಿಯುತ್ತದೆ.

ಅವರು ಬಂದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಮ್ಮ ಕಡೆ ಇದು ಶಾಸ್ತ್ರ. ಚಹಾ ಕುಡಿಯುತ್ತಾ ಕೂತಾಗ ಅವರು ಕೇಳಿದರು: "ಗಂಡೆಷ್ಟು, ಹೆಣ್ಣೆಷ್ಟು?"

ಸತ್ತದ್ದೂ ಸೇರಿ ಗಂಡು ಮೂರು, ಹೆಣ್ಣು ಎರಡು.

"ಗಂಡು ಏನ್ ಮಾಡ್ತೀರಿ?"

"ಹಬ್ಬಕ್ಕ ಮಾರೋದು ಮೇಡಂ."

"ಕೋಡಿಲ್ಲದ ಹೋತ ಯಾರು ತಗೋತಾರ?"

ಪಕ್ಕದ ಮನೆಯ ಕುರಿ ಕಾಯುವ ಅಜ್ಜ ಕಟ್ಟೆಯ ಮೇಲಿಂದ ಗಹಗಹಿಸಿ ನಕ್ಕ. "ಅದನ್ನ ನಾ ಆವತ್ತೇ ಹೇಳಬೇಕಂತ ಮಾಡಿದ್ನಿ. ಬಕ್ರೀದಕ್ಕ ತಗೊಳ್ಳೋರು ಮೊದಲ ಕೋಡ ನೋಡ್ತಾರ, ಕಿವಿ ನೋಡ್ತಾರ, ಆಮ್ಯಾಗ ಹಲ್ಲು. ಸುಟ್ಟ ತಲಿ ನೋಡಿದ್ರ ಹಂಗ ದಾಟಿ ಹೋಗ್ತಾರ." ದೇವರಿಗೆ ಬಿಟ್ಟ ಹೋತಕ್ಕೂ ಇದೇ ಲೆಕ್ಕ, ಊನ ಇರಬಾರದು. ಆವತ್ತೇ ಹೇಳಬೇಕು ಅಂತ ಮಾಡಿದ್ದನಂತೆ! ನಮ್ಮೂರಿನಲ್ಲಿ ಬುದ್ಧಿವಂತರಿಗೆ ಬರ ಇಲ್ಲ, ಹೊತ್ತಿಗೆ ಬಾಯಿ ಬಿಡುವವರಿಗೆ ಬರ.

ಎರಡು ಗಂಡು ಮರಿ ಪಕ್ಕಕ್ಕೆ ಹೋದವು. ಉಳಿದದ್ದು ಎರಡು ಹೆಣ್ಣು. ಡಾಕ್ಟರು ಒಂದನ್ನು ಎತ್ತಿಕೊಂಡು ನನ್ನ ಹೆಬ್ಬೆರಳು ಹಿಡಿದು ಅದರ ತಲೆ ಮೇಲೆ ಇಟ್ಟರು. "ಚರ್ಮ ಸರಸ್ರಿ." ಸರಿಸಿದೆ. ಕೂದಲಿನ ಸುಳಿ ಎರಡು ಕಡೆ ಇತ್ತು. ಸುಳಿಯ ಕೆಳಗೆ ಕಡಲೆಕಾಳಿನಷ್ಟು ಗಟ್ಟಿ. ಅಲ್ಲಿ ಚರ್ಮ ಕದಲಲಿಲ್ಲ. ಇನ್ನೊಂದರ ತಲೆ ಮೇಲೆ ಇಟ್ಟರು. ಚರ್ಮ ರೇಷ್ಮೆ ಖಣದ ಹಾಗೆ ಆಚೆ ಈಚೆ ಜಾರಿತು. ಎರಡು ಸುಳಿಯೂ ಇಲ್ಲ.

"ಇದು ಹುಟ್ಟಾ ಬೋಳು. ಕೋಡು ಬರೋದೇ ಇಲ್ಲ."

ಒಳಗಿಂದ ಅತ್ತೆ ಕೂಗಿದರು. "ಅದರ ತಾಯಿ ಬೋಳ ಅಲ್ಲೇನು!"

ಹೌದಲ್ಲ. ದಿನಾ ಎರಡು ಹೊತ್ತು ನಾನೇ ಮೇವು ಹಾಕುವ ಆಡು. ಉಸ್ಮಾನಾಬಾದಿ ಹೆಣ್ಣುಗಳಲ್ಲಿ ಬೋಳು ಇರುವುದು ಸಾಮಾನ್ಯ ಅಂತ ಮೈದುನನೇ ಬಂದವರಿಗೆಲ್ಲ ಹೇಳುತ್ತಾನೆ. ಆದರೂ ಆ ಮರಿಯ ತಲೆಗೆ ಸೋಮವಾರ ಸರಳು ಇಡುವವರಿದ್ದೆವು. ದೊಡ್ಡದಾದ ಮೇಲೆ ಇದಕ್ಕೆ ಕೋಡಿರುವ ಹೋತವನ್ನೇ ಬಿಡಿ ಅಂದರು ಡಾಕ್ಟರು. ಬೋಳಿಗೆ ಬೋಳೇ ಕೂಡಿದರೆ ಅತ್ತ ಗಂಡೂ ಅಲ್ಲದ ಇತ್ತ ಹೆಣ್ಣೂ ಅಲ್ಲದ ಮರಿ ಹುಟ್ಟುವುದುಂಟು.

ಐದರಲ್ಲಿ ಸುಡಬೇಕಾಗಿದ್ದು ಒಂದು.

ಕರೆಂಟು ಬಂತು. ಆ ಒಂದಕ್ಕೆ ಡಾಕ್ಟರು ಮಾಡಿದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಮೊದಲು ಕೂದಲು ಕತ್ತರಿಸಿದರು. ಮರಗಟ್ಟಿಸುವ ಔಷಧವನ್ನು ನೀರು ಬೆರೆಸಿ ತೆಳು ಮಾಡಿದರು. ಮೂರು ಕಿಲೋ ಮರಿಗೆ ಅಸಲು ಔಷಧ ಒಂದು ಎಂಎಲ್ ಕೂಡ ಅಲ್ಲ, ಹೆಚ್ಚಾದರೆ ಅದೇ ವಿಷವಾಗಿ ಫಿಟ್ಸ್ ಬರುತ್ತದೆ. ಕರುವಿಗೆ ಒಂದು ಕೋಡಿಗೆ ಒಂದು ನರ ಸಾಕು, ಆಡಿಗೆ ಎರಡು. ಕಣ್ಣಿನ ಹಿಂಬದಿಗೆ ಒಂದು, ಮೂಗಿನ ಕಡೆಯ ಮೂಲೆಗೆ ಒಂದು. ಒಟ್ಟು ನಾಲ್ಕು ಚುಚ್ಚು. ಧನುರ್ವಾಯುವಿಗೆ ಬೇರೆ ಇಂಜೆಕ್ಷನ್, ನೋವಿಗೆ ಇನ್ನೊಂದು. ಆಮೇಲೆ ಹತ್ತು ನಿಮಿಷ ಸುಮ್ಮನೆ ಕೂತರು. ಸೂಜಿಯಿಂದ ಚುಚ್ಚಿ ನೋಡಿದರು, ಮರಿ ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಕಾದ ತುದಿಯನ್ನು ಮೊದಲು ಒಂದು ಕಟ್ಟಿಗೆ ತುಂಡಿಗೆ ಒತ್ತಿದರು. ತಟ್ಟನೆ ಕಪ್ಪು ಬಳೆ ಮೂಡಿತು. "ಈಗ ಎಣಿಸ್ರಿ, ಜೋರಾಗಿ" ಅಂದರು ಮೈದುನನಿಗೆ.

ಒಂದು. ಎರಡು. ಮೂರು. ಅವನ ದನಿ ನಡುಗುತ್ತಿತ್ತು. ನಾಲ್ಕು. ಐದಕ್ಕೆ ಎತ್ತಿದರು. ಮೊಗ್ಗಿನ ಸುತ್ತ ತಾಮ್ರದ ಬಣ್ಣದ ಉಂಗುರ. ಆರಲು ಬಿಟ್ಟು ಇನ್ನೊಂದು ಬದಿ, ಮತ್ತೆ ಐದು. ನನ್ನ ತೊಡೆಯ ನಡುವೆ ಮರಿ ಹಿಡಿತಕ್ಕೆ ಕೊಸರಾಡಿತೇ ಹೊರತು ಆವತ್ತಿನ ಕೂಗು ಕೂಗಲಿಲ್ಲ. ಕೆಳಗೆ ಬಿಟ್ಟ ಕೂಡಲೇ ಓಡಿ ಹೋಗಿ ತಾಯಿಯ ಕೆಚ್ಚಲಿಗೆ ಗುದ್ದಿತು. ತಾಯಿ ಅದರ ನೆತ್ತಿ ಮೂಸಿ, ಸೀನಿ, ಮತ್ತೆ ಮೂಸಿತು.

ಇದೂ ಸುಮ್ಮನೆ, ಅದೂ ಸುಮ್ಮನೆ. ಎರಡು ಸುಮ್ಮನೆಗೂ ಎಷ್ಟು ಅಂತರ! ಆವತ್ತಿನದ್ದನ್ನು ನಾವು ಸಮಾಧಾನ ಅಂತ ಓದಿದೆವು.

ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಬರೆ ಇದೆ. ಆರು ವರ್ಷದವಳಿದ್ದಾಗ ಕಾಮಣಿಗೆ, ಅಂದರೆ ಕಾಮಾಲೆಗೆ ಹಾಕಿಸಿದ್ದು. ನಮ್ಮ ಕಡೆ ನನ್ನ ವಯಸ್ಸಿನ ಎಷ್ಟೋ ಜನರ ಕೈಯಲ್ಲಿ ಸಿಗುತ್ತದೆ. ಬಳೆ ಹಾಕಿದರೆ ಮುಚ್ಚಿ ಹೋಗುತ್ತದೆ, ಹಾಗಾಗಿ ಅದರ ನೆನಪು ಬರುವುದೇ ಅಪರೂಪ. ಕಾಮಣಿ ಬರೆಯಿಂದ ಹೋಗುವುದಿಲ್ಲ, ಎಷ್ಟೋ ಸಲ ಅದು ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಬರೆಗೆ. ಶುಕ್ರವಾರ ರಾತ್ರಿ ತವರಿಗೆ ಫೋನ್ ಮಾಡಿದೆ.

"ಯವ್ವಾ, ನನಗ ಬರೆ ಹಾಕಿಸಿದಾಗ ಹಿಡ್ಕೊಂಡಿದ್ದವರು ಯಾರು?"

"ಈಗ್ಯಾಕ ಅದು?"

"ಹೇಳು ಸುಮ್ನ."

ಸ್ವಲ್ಪ ಹೊತ್ತು ಮಾತಿಲ್ಲ. "ನಾನ ಹಿಡ್ಕೊಂಡಿದ್ನಿ. ರೊಟ್ಟಿ ಬಿಟ್ಟು ಬಂದಿದ್ನಿ, ಕೈಯೆಲ್ಲ ಹಿಟ್ಟು. ನೀ ಭಾಳ ಶ್ಯಾಣೆ ಇದ್ದಿ ಬಿಡು, ಒಂದ ಸಲ ಕೂಗಿ ಸುಮ್ಮನಾದಿ."

ಅವ್ವನನ್ನು ಏನಂತ ಕೇಳಲಿ? ಎಷ್ಟು ಎಣಿಸಿದಿ ಅಂತ ಕೇಳಲೇ? ಬಾಯಿ ತುದಿಗೆ ಬಂದಿತ್ತು. ಊಟ ಆಯ್ತಾ ಅಂತ ಕೇಳಿ ಇಟ್ಟೆ. ಅವಳಿಗೂ ಪಾಪ ಅನಿಸಿರಬೇಕು, ಅವಳೂ ಚೂರು ಆರಲಿ ಅಂದಿರಬೇಕು.

ಇವತ್ತು ಬೆಳಿಗ್ಗೆಯಿಂದ ಮೈದುನ ಶೆಡ್ಡಿನ ಜಾಲರಿ ಬಿಚ್ಚುತ್ತಿದ್ದಾನೆ. ಕಿಂಡಿ ದೊಡ್ಡದಾದದ್ದಕ್ಕೇ ತಲೆ ಹೋಗುವುದು, ಮೂರು ಬೆರಳಿನ ಕಿಂಡಿ ಇದ್ದರೆ ಕೋಡು ಇದ್ದರೂ ತಂಟೆ ಇಲ್ಲ ಅಂತ ಡಾಕ್ಟರು ಹೋಗುವಾಗ ಹೇಳಿದ್ದರು. ಬೇಸಿಗೆಯಲ್ಲಿ ಮೈಯ ಕಾವು ಇಳಿಸುವುದಕ್ಕೂ ಕೋಡು ಆಡಿಗೆ ಬೇಕಂತೆ. ಬಾಗಲಕೋಟೆಯ ಬಿಸಿಲು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಜಾಲರಿಗೆ ದುಡ್ಡು ಸಾಲದು, ಹಳೆಯದನ್ನೇ ಎರಡು ಪದರ ಮಾಡಿ ತಂತಿಯಿಂದ ಹೊಲಿಯುತ್ತಿದ್ದಾನೆ. ನನ್ನ ಮಗಳು ತಂತಿ ತುಂಡು ಕೊಡುವ ಕೆಲಸದಲ್ಲಿದ್ದಾಳೆ, ಒಂದೊಂದನ್ನೂ ಎಣಿಸಿ ಕೊಡುತ್ತಿದ್ದಾಳೆ. ಇಪ್ಪತ್ತರ ಮೇಲೆ ಅವಳಿಗೆ ಬರುವುದಿಲ್ಲ, ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ಕಂಬಾರರ ಸರಳು ಒಲೆಯ ಪಕ್ಕದಲ್ಲೇ ಬಿದ್ದಿತ್ತು. ಅತ್ತೆ ಅದರಿಂದ ಕೆಂಡ ಕೆದಕುತ್ತಿದ್ದಾರೆ.