ನಮ್ಮ ಎಲ್‌ಕೆಜಿ ಕುಂಬಳಕಾಯಿ: ಬಳ್ಳಿ ಈಗ ಕಿಟಕಿ ಸರಳು ಹಿಡಿದಿದೆ

ದಸರಾ ರಜೆ ಮುಗಿದ ವಾರ

ಆಯುಧಪೂಜೆ ಮುಗಿದರೆ ಕೆ.ಆರ್. ಮಾರ್ಕೆಟ್ ಹತ್ತಿರ ಬೂದುಗುಂಬಳದ ರಾಶಿ ಹಾಗೇ ಉಳಿದಿರುತ್ತದೆ, ಬೆಲೆಯೂ ಇಳಿದಿರುತ್ತದೆ. ಒಂದು ಬೂದುಗುಂಬಳ, ಎರಡು ಸಿಹಿಗುಂಬಳ ತಂದೆ. ಸಿಹಿಗುಂಬಳದಲ್ಲಿ ಒಂದಾದರೂ ಚಿಕ್ಕದು ಬೇಕೇ ಬೇಕು. ನಾಲ್ಕು ವರ್ಷದ ಮಗು ತಾನೇ ಎತ್ತಿದರೆ ತಾನೇ ಭಾರ ಅಂದರೇನು ಅಂತ ಗೊತ್ತಾಗೋದು? ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕ ಸೂರ್ಯಮುಖಿ ತಳಿ ಸುಮಾರು ಒಂದು ಕೆಜಿ ತೂಗುತ್ತದೆ. ಬೀಜ ಸಿಕ್ಕರೆ ಮುಂದಿನ ವರ್ಷ ಅದನ್ನೇ ಹಾಕುವ ಆಸೆ.

ಈ ವಾರ ಚಾಕು ಹೊರಗೆ ತೆಗೆಯಲೇ ಇಲ್ಲ. ಮುಟ್ಟೋದು, ಉರುಳಿಸೋದು, ತಟ್ಟಿ ಸದ್ದು ಕೇಳೋದು, ಅಷ್ಟೇ. ದೊಡ್ಡ ಟಬ್ಬಿನಲ್ಲಿ ನೀರು ತುಂಬಿ ಬಿಟ್ಟೆವು. ಇಷ್ಟು ದಪ್ಪ ಕಾಯಿ ಮುಳುಗೇ ಮುಳುಗುತ್ತದೆ ಅಂತ ಎಲ್ಲರೂ ಕೂಗಿದರು. ತೇಲಿತು. ಯಾಕೆ ಅಂತ ನಾನು ಹೇಳಲಿಲ್ಲ. ಕತ್ತರಿಸಿದ ದಿನ ಒಳಗಿನ ಟೊಳ್ಳು ನೋಡಿ ಒಬ್ಬಳು ತಾನೇ ಹೇಳಿದಳು, "ಮಿಸ್, ಒಳಗೆ ಖಾಲಿ ಇದೆ, ಅದಕ್ಕೇ."

ಕಳ್ಳ-ಪೊಲೀಸ್

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ಎಲ್ಲರಿಗೂ ಗೊತ್ತು, ಆದರೆ ಹೆಗಲಿಗೆ ಮೆತ್ತಿಕೊಳ್ಳುವ ಬೂದುಗುಂಬಳದ ಆ ಬೂದಿಯನ್ನು ಈ ಕಾಲದ ಎಷ್ಟು ಮಕ್ಕಳು ನೋಡಿದ್ದಾರೆ? ನಮ್ಮ ಯೂನಿಫಾರ್ಮ್ ಕಡುನೀಲಿ, ಈ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲರೂ ಗೋಡೆ ಕಡೆ ತಿರುಗಬೇಕು. ಒಬ್ಬ ಬೂದುಗುಂಬಳ ಹೆಗಲ ಮೇಲಿಟ್ಟುಕೊಂಡು ಬಾಗಿಲವರೆಗೆ ಹೋಗಿ ಬರಬೇಕು, ಆಯಮ್ಮ ಕೆಳಗಿನಿಂದ ಕೈ ಕೊಟ್ಟಿರುತ್ತಾರೆ. ಆಮೇಲೆ ಹೆಗಲು ನೋಡಿ ಕಳ್ಳನನ್ನು ಹಿಡಿಯಬೇಕು. ಬಿಳಿ ಪುಡಿ ಚೆನ್ನಾಗಿ ಮೆತ್ತಿಕೊಂಡಿತ್ತು. ತಮಾಷೆ ಏನೆಂದರೆ, ಕಾಯಿ ಮುಟ್ಟದ ಇಬ್ಬರೂ ಹೆಗಲು ಒರೆಸಿಕೊಂಡರು!

ಆ ಪುಡಿ ಒಂಥರಾ ಮೇಣ. ಕಾಯಿ ಬಲಿತ ಹಾಗೆ ಸಿಪ್ಪೆ ಮೇಲೆ ಬರುತ್ತದೆ, ಒಳಗಿನ ನೀರು ಆರದಂತೆ ತಡೆಯುತ್ತದೆ. ಬೂದುಗುಂಬಳ ತಿಂಗಳುಗಟ್ಟಲೆ ಕೆಡದೆ ಇರೋದರಲ್ಲಿ ಇದರ ಪಾಲೂ ಇದೆ. ಸಿಹಿಗುಂಬಳ ಹೊತ್ತು ನೋಡಿದರೆ ಏನೂ ಅಂಟಲಿಲ್ಲ. "ಹಾಗಾದ್ರೆ ಅದನ್ನೇ ಕದೀಬೇಕು ಮಿಸ್" ಅಂತ ತೀರ್ಮಾನವಾಯಿತು.

ಕತ್ತರಿಸಿದ ದಿನ

ಕಾಯಿಯಲ್ಲಿ ಕಣ್ಣು, ಮೂಗು ಕೊರೆಯಿರಿ ಅಂತ ಕೆಲವು ಪೋಷಕರು ಫೋಟೊ ಕಳಿಸಿದ್ದರು. ನನಗೆ ಮನಸ್ಸಾಗಲಿಲ್ಲ. ಕೊರೆಯೋದೆಲ್ಲಾ ದೊಡ್ಡವರು, ಮಕ್ಕಳು ಸುಮ್ನೆ ನೋಡುತ್ತಾ ಕೂರಬೇಕು. ನಾನು ಎರಡು ಹೋಳು ಮಾಡಿ ಕೊಟ್ಟೆ, ಬೀಜ ಬಗೆಯೋದು ಅವರ ಕೆಲಸ. ಲೋಳೆ ಮುಟ್ಟಲ್ಲ ಅಂದವನಿಗೆ ಚಮಚ. ಬೀಜ ತೊಳೆದು, ಹತ್ತತ್ತರಂತೆ ಮೊಟ್ಟೆ ಟ್ರೇಯ ಗುಳಿಗಳಿಗೆ ಹಾಕಿ ಎಣಿಸಿದೆವು. ಅರ್ಧ ಗಂಟೆ ಕ್ಲಾಸಿನಲ್ಲಿ ಸದ್ದೇ ಇಲ್ಲ. ಹೋಳುಗಳು ಅಡುಗೆಮನೆಗೆ ಹೋಗಿ ಪಲ್ಯವಾದವು. ಹುರಿದ ಬೀಜ ಮಾತ್ರ ಇವರಿಗೆ ತಿನ್ನಲು ಕೊಡಲಿಲ್ಲ, ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಜಾಸ್ತಿ.

ದೀಪಾವಳಿ ಆದಮೇಲೆ

ಸಿಹಿಗುಂಬಳದ ಬೀಜ ನೆರಳಲ್ಲಿ ಒಣಗಿಸಿ ಪೇಪರ್ ಕಪ್ಪಿನಲ್ಲಿ ಹಾಕಿದೆವು. ಹುರಿದದ್ದೂ ಹುಟ್ಟುತ್ತಾ ಅಂತ ಒಬ್ಬ ಕೇಳಿದ, ಅದಕ್ಕೂ ಒಂದು ಕಪ್ ಇಟ್ಟೆವು. ಉಳಿದವು ವಾರದೊಳಗೆ ಬೀಜದ ಟೊಪ್ಪಿ ಹೊತ್ತುಕೊಂಡೇ ಮೇಲೆ ಬಂದವು. ಹುರಿದ ಬೀಜದ ಕಪ್ಪಿಗೆ ಅವನು ಈಗಲೂ ನೀರು ಹಾಕುತ್ತಾನೆ.

ಈ ವಾರ

ಗ್ರೋ ಬ್ಯಾಗಿಗೆ ಬದಲಿಸಿದ ಬಳ್ಳಿ ಕಿಟಕಿ ಸರಳು ಹಿಡಿದಿದೆ. ಹಳದಿ ಹೂ ಬಿಟ್ಟಿದೆ, ಆದರೆ ಎಲ್ಲಾ ಗಂಡು. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಂಡರೆ ಅದು ಹೆಣ್ಣು, ಮಕ್ಕಳು ದಿನಾ ಬಗ್ಗಿ ನೋಡುತ್ತಾರೆ. ಈ ಓಣಿಯಲ್ಲಿ ಜೇನುಹುಳ ಕಮ್ಮಿ, ಪರಾಗ ನಾವೇ ಮುಟ್ಟಿಸಬೇಕಾಗಬಹುದು. ಹೂ ಬೆಳಗ್ಗೆ ಬೇಗ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ, ನಮ್ಮ ಶಾಲೆ ಶುರುವಾಗೋದು ಒಂಬತ್ತೂವರೆಗೆ. ಒಂದು ದಿನ ಎಂಟಕ್ಕೇ ಮಕ್ಕಳನ್ನು ಕಳಿಸ್ತೀರಾ ಅಂತ ಮನೆಯವರನ್ನು ಕೇಳಿದ್ದೇನೆ, ನೋಡಬೇಕು.